ನಾಲ್ಕನೆಯ ಕೋರೆಹಲ್ಲು

"ಉಂಟಾ?" ಎಂದು ಬಾಗಿಲಲ್ಲಿ ನಿಂತ ಪದ್ಮಯ್ಯ ಕೇಳಿದರು.

ನಾನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಉತ್ತರ ಹೇಳಬೇಕಾಗುತ್ತದೆ. ಕಿಟಕಿಯ ಬಿಸಿಲನ್ನು ಹಿಡಿಯುವ ಪುಟ್ಟ ಕನ್ನಡಿಯನ್ನು ಸುಮ್ಮನೆ ಇನ್ನೊಮ್ಮೆ ತಿರುಗಿಸಿದೆ. ಕಾಣಬೇಕಾದದ್ದು ಚೆನ್ನಾಗಿಯೇ ಕಾಣುತ್ತಿತ್ತು.

ಬಣ್ಣ ಹೀರಿ ನೀಲಿಯಾದ ನರಕೋಶಗಳು. ಅವುಗಳ ಒಳಗೆ ಅಲ್ಲೊಂದು ಇಲ್ಲೊಂದು ಕೆಂಪು ಕಣ. ಆ ಕೆಂಪಿನೊಳಗೆ ಕಡುನೀಲಿ ಚುಕ್ಕಿ. ಹುಚ್ಚುನಾಯಿ ರೋಗದ ವೈರಸ್ಸು ನಮ್ಮ ಈ ಯಂತ್ರಕ್ಕೆ ಕಾಣುವಂಥದ್ದಲ್ಲ, ಅದು ಅಷ್ಟು ಸಣ್ಣದು. ಅದು ಹೊಕ್ಕ ಕೋಶದಲ್ಲಿ ಬಿಟ್ಟುಹೋಗುವ ಈ ಗುರುತು ಮಾತ್ರ ಕಾಣುತ್ತದೆ. ನೆಗ್ರಿ ಕಣ ಎನ್ನುತ್ತಾರೆ. ನಾನು ಹನ್ನೊಂದು ಎಣಿಸಿ ನಿಲ್ಲಿಸಿದೆ.

"ಉಂಟು," ಎಂದೆ.

ಸ್ಲೈಡಿನ ಮೇಲಿದ್ದದ್ದು ಕುಕ್ಕಪ್ಪನ ಮೆದುಳು. ನಿನ್ನೆ ಮಧ್ಯಾಹ್ನ ಸುಳ್ಯದ ನಮ್ಮ ಧರ್ಮಾಸ್ಪತ್ರೆಯಲ್ಲಿ, ಒಂದು ಲೋಟ ನೀರು ಕಂಡು ಕಿರುಚಿ ಕಿರುಚಿ ಸತ್ತ ಮಂಡೆಕೋಲಿನ ಕುಕ್ಕಪ್ಪ.

ಪದ್ಮಯ್ಯ ಒಳಗೆ ಬಂದು ಸ್ಟೂಲು ಎಳೆದುಕೊಂಡರು. ಪುತ್ತೂರಿನ ಸಬ್‌ಇನ್ಸ್‌ಪೆಕ್ಟರು, ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬಾರದಷ್ಟು ದೊಡ್ಡ ಆಸಾಮಿ. ಕಳ್ಳರು, ಕೊಲೆಗಾರರು ಎಂದರೆ ಅವರಿಗೆ ಲೆಕ್ಕವಿಲ್ಲ. ನಾಯಿ ಎಂದರೆ ಮಾತ್ರ ಪ್ರಾಣವೇ ಬಾಯಿಗೆ ಬರುತ್ತದೆ. ಈ ಕೇಸು ಅವರ ತಲೆಗೇ ಬಂದು ಬಿತ್ತಲ್ಲ ಎಂದು ಬೇರೆ ದಿನವಾದರೆ ನಾನು ನಗುತ್ತಿದ್ದೆ.

"ಹಾಗಾದರೆ ಆ ನಾಯಿಗೆ ಹುಚ್ಚು ಇದ್ದದ್ದು ಖಂಡಿತ."

"ಖಂಡಿತ."

"ಮತ್ತೆ ಇದು ಎಂತ ಮಾರಾಯ್ರೆ?" ಕಿಸೆಯಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಯಲ್ಲಿ ಹರಿದು, ಮೂಲೆಗೆ ಅರಸಿನ ಹತ್ತಿದ ಕಾಗದ. "ಕುಕ್ಕಪ್ಪನ ಮನೆಯಲ್ಲಿ ದೇವರ ಪಟದ ಹಿಂದೆ ಸಿಕ್ಕಿದ್ದು."

ನೋಡುವ ಅಗತ್ಯವೇ ಇರಲಿಲ್ಲ, ನನ್ನದೇ ಅಕ್ಷರ. 'ಮಂಡೆಕೋಲಿನಿಂದ ಬಂದ ನಾಯಿಯ ತಲೆ. ಮೆದುಳನ್ನು ಪರೀಕ್ಷಿಸಲಾಗಿದೆ. ನೆಗ್ರಿ ಕಣ ಇಲ್ಲ.' ಕೆಳಗೆ ನನ್ನ ಸಹಿ: ಮಹೇಶ್ವರ, ಲ್ಯಾಬ್ ಟೆಕ್ನಿಷಿಯನ್.

ಇಪ್ಪತ್ತಮೂರು ದಿನದ ಹಿಂದೆ ಒಂದೇ ನಾಯಿ, ಒಂದೇ ಸಂಜೆ, ಒಂದೇ ಅಂಗಳದಲ್ಲಿ ಇಬ್ಬರನ್ನು ಕಚ್ಚಿತ್ತು. ಕೆಲಸದಾಳು ಕುಕ್ಕಪ್ಪನಿಗೆ ಕೆನ್ನೆಗೆ. ಮನೆಯ ಹುಡುಗಿ, ಶಾಲೆಯ ಟೀಚರ್ ನೀಲಾವತಿಗೆ ಮುಂಗೈಗೆ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಚುಚ್ಚಬೇಕಿತ್ತು. ನನ್ನ ಚೀಟಿ ಬರುವ ಮೊದಲು ಇಬ್ಬರಿಗೂ ಒಂದೊಂದು ಆಗಿತ್ತು. 'ಇಲ್ಲ' ಎಂದು ತಿಳಿದದ್ದೇ ಕುಕ್ಕಪ್ಪ ಕೈ ಮುಗಿದು, "ಇನ್ನು ಆ ಸೂಜಿ ಬೇಡ ಸ್ವಾಮಿ" ಎಂದು ಚೀಟಿ ಕೇಳಿ ತೆಗೆದುಕೊಂಡು ಹೋದ. ನೀಲಾವತಿಯದ್ದನ್ನು ಡಾಕ್ಟರ್ ಉದಯಶಂಕರರೇ ನಿಲ್ಲಿಸಿದರು. ಕುರಿಯ ಮೆದುಳಿನಿಂದ ಮಾಡುವ ಮದ್ದು ಅದು. ಕೆಲವರಿಗೆ ಕೈಕಾಲು ಬಿದ್ದುಹೋಗುವುದುಂಟು. ಅವರು ಚುಚ್ಚಿದ ಒಬ್ಬರಿಗೆ ಹಿಂದೊಮ್ಮೆ ಹಾಗಾಗಿತ್ತು. ಅಗತ್ಯವಿಲ್ಲದೆ ಚುಚ್ಚಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಎರಡು ಜೀವ ನನ್ನ ಎರಡು ಅಕ್ಷರದ ಮೇಲೆ ಕೂತಿದ್ದವು. ಒಂದು ಹೋಯಿತು.

"ನಿಮ್ಮ ಕಣ್ಣು ತಪ್ಪಿರಬಹುದಾ?" ಎಂದು ಪದ್ಮಯ್ಯ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಮೆತ್ತಗೆ ಕೇಳಿದರು.

"ಬನ್ನಿ," ಎಂದು ಹಿಂದಿನ ಕೋಣೆಗೆ ಕರೆದೊಯ್ದೆ.

ಮರದ ಪೆಟ್ಟಿಗೆಯಲ್ಲಿ ಆರು ಬಿಳಿ ಇಲಿಗಳು. ಸ್ಲೈಡಿನಲ್ಲಿ ಏನೂ ಕಾಣದಿದ್ದರೂ ಒಮ್ಮೊಮ್ಮೆ ರೋಗ ಇರುವುದುಂಟು. ಅದಕ್ಕೇ ಎರಡನೆಯ ಪರೀಕ್ಷೆ. ನಾಯಿಯ ಮೆದುಳನ್ನು ಅರೆದು, ಆ ರಸವನ್ನು ಇಲಿಮರಿಗಳ ತಲೆಗೆ ಚುಚ್ಚುವುದು. ರೋಗ ಇದ್ದರೆ ಹದಿನೈದು ಇಪ್ಪತ್ತು ದಿನದೊಳಗೆ ಕಾಲೆಳೆದು ಸಾಯುತ್ತವೆ.

"ಇವತ್ತಿಗೆ ಇಪ್ಪತ್ತೆರಡು ದಿನ," ಎಂದೆ. "ಆರಕ್ಕೆ ಆರೂ ಉಂಟು. ಪೆಟ್ಟಿಗೆಯ ಮೂಲೆ ಬೇರೆ ಕಡಿದು ಹಾಕಿವೆ."

ಪದ್ಮಯ್ಯ ದೂರದಿಂದಲೇ ಬಗ್ಗಿ ನೋಡಿದರು. ಒಂದು ಇಲಿ ಹಿಂಗಾಲಿನ ಮೇಲೆ ಎದ್ದು ಮೀಸೆ ತಿಕ್ಕಿತು.

"ಹಾಗಾದರೆ ನಿಮ್ಮ ಕಣ್ಣು ತಪ್ಪಿದ್ದಲ್ಲ. ನೀವು ನೋಡಿದ ನಾಯಿಗೆ ಹುಚ್ಚು ಇರಲಿಲ್ಲ. ಅವರನ್ನು ಕಚ್ಚಿದ ನಾಯಿಗೆ ಇತ್ತು."

ಅಳು ಬರುವಷ್ಟು ಸಮಾಧಾನವಾಯಿತು ನನಗೆ. ನಾಚಿಕೆಯಿಲ್ಲದ ಸಮಾಧಾನ. ಅದು ಎರಡು ನಿಮಿಷವೂ ಉಳಿಯಲಿಲ್ಲ. ತಲೆ ಬೇರೆ ಎಂದಾದರೆ ಯಾರೋ ಬದಲಿಸಿದ್ದಾರೆ. ಬದಲಿಸಿದವನಿಗೆ ಬೇಕಾದದ್ದು ನನ್ನ 'ಇಲ್ಲ'. ಅದು ಸಿಕ್ಕಿದ ಮೇಲೆ ಅವನು ಸುಮ್ಮನೆ ಕೂತು ಕಾದರೆ ಸಾಕು.

* * *

ನೀಲಾವತಿಯನ್ನು ನಿನ್ನೆಯೇ ಕರೆಸಿ ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ಮಲಗಿಸಿದ್ದೆವು. ಬೆಳಿಗ್ಗೆ ಏಳಕ್ಕೆ ಹೊಸ ಸರದಿಯ ಮೊದಲ ಇಂಜೆಕ್ಷನ್ ಆಗಿತ್ತು. ಕೈಗೆ ಕಚ್ಚಿದರೆ ವಿಷ ಮೆದುಳಿಗೆ ಏರಲು ಹೊತ್ತು ಹಿಡಿಯುತ್ತದೆ, ಇನ್ನೂ ಸಮಯ ಉಂಟು ಎಂದು ಡಾಕ್ಟರು ಹೇಳಿದ್ದರು. ಆದರೆ ಒಂದು ದಿನವೂ ತಪ್ಪಕೂಡದು.

ಕಂಪೌಂಡರ್ ರಾಧಾಕೃಷ್ಣ ಸ್ಟೀಲಿನ ತಟ್ಟೆ ಹಿಡಿದು ಮಂಚದ ಪಕ್ಕ ನಿಂತಿದ್ದ. ಬೆಳ್ಳಗಿನ ಅಂಗಿ, ನುಣ್ಣಗೆ ಬಾಚಿದ ತಲೆ, ಯಾವಾಗಲೂ ಬಾಯಲ್ಲಿ ಒಂದು ಸಣ್ಣ ರಾಗ. ಮಕ್ಕಳು ಕೂಡ ಅಳದೆ ಅವನ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದವು. ನಾವು ಬಂದದ್ದು ಕಂಡು, "ಹೆದರಬೇಡಿ ಟೀಚರ್, ನಾನುಂಟಲ್ಲ," ಎಂದು ಆಚೆ ಸರಿದ.

ಪದ್ಮಯ್ಯ ಅವಳ ಕೈ ತೋರಿಸಲು ಹೇಳಿದರು. ಗಾಯ ಒಣಗಿತ್ತು. ಮುಂಗೈಯ ಮೇಲ್ಭಾಗದಲ್ಲಿ ಎರಡು ಆಳವಾದ ಗುಳಿ. ತಿರುಗಿಸಿದರೆ ಒಳಭಾಗದಲ್ಲಿ ಒಂದು.

"ಒಂದು ಕಡಿಮೆ ಉಂಟಲ್ಲ?" ಎಂದರು.

"ನಮ್ಮ ನಾಯಿ ಕರಿಯನಿಗೆ ಕೆಳಗಿನ ಒಂದು ಕೋರೆ ಇಲ್ಲ," ಎಂದಳು ನೀಲಾವತಿ. "ಬೇಟೆಗೆ ಹೋದಾಗ ಕಾಡುಹಂದಿ ಹೊಡೆದು ಬಿದ್ದದ್ದು. ನಾಲ್ಕು ವರ್ಷ ಆಯ್ತು."

ಧ್ವನಿ ಗಟ್ಟಿಯಾಗಿತ್ತು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಾನು ಏನಾದರೂ ಧೈರ್ಯದ ಮಾತು ಹೇಳಬೇಕೆಂದು ಬಾಯಿ ತೆರೆದೆ.

"ಕುಕ್ಕಪ್ಪನದ್ದು ನೋಡಿದಿರಾ?" ಎಂದು ಅವಳೇ ಕೇಳಿದಳು. "ಎಂತ ಕಂಡಿತು?"

ನಾನು ಸುಳ್ಳು ಹೇಳಲಾರದೆ ತಲೆ ತಗ್ಗಿಸಿದೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಮತ್ತೆ ನನ್ನ ಮುಖ ನೋಡಲಿಲ್ಲ.

ಹೊರಗೆ ಬಂದದ್ದೇ ಪದ್ಮಯ್ಯ ಕೇಳಿದರು: "ಪರೀಕ್ಷೆ ಮಾಡಿದ ಮೇಲೆ ಆ ತಲೆ ಎಂತ ಮಾಡಿದಿರಿ?"

"ಲ್ಯಾಬಿನ ಹಿಂದೆ ಸುಣ್ಣದ ಗುಂಡಿಯಲ್ಲಿ ಹೂತಿದ್ದೇನೆ. ನಂಬರಿನ ತಗಡು ಕಟ್ಟಿ."

ಗುದ್ದಲಿ ಹಿಡಿದದ್ದು ನಾನು. ಪದ್ಮಯ್ಯ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹತ್ತು ಮಾರು ದೂರ ನಿಂತು, "ಅದು ಸತ್ತದ್ದೇ ಅಲ್ಲವಾ?" ಎಂದು ಎರಡು ಸಲ ಕೇಳಿದರು. ಸುಣ್ಣ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹದಿನೇಳನೆಯ ನಂಬರು ಸಿಕ್ಕಿತು. ನಾಯಿಯ ತಲೆ ಬಂದರೆ ನಾವು ಬಾಯಿಗೆ ಕೈ ಹಾಕುವುದಿಲ್ಲ. ಜೊಲ್ಲಿನಲ್ಲೇ ಸಾವು ಇರುತ್ತದೆ. ಗೋಣಿಯ ಹಗ್ಗದಿಂದ ಮೂತಿ ಬಿಗಿದು ಕಟ್ಟಿ, ಮೇಲಿನಿಂದ ಬುರುಡೆ ತೆರೆಯುವುದು. ಹಾಗಾಗಿ ಈ ತಲೆಯ ಹಲ್ಲನ್ನು ನಾನು ನೋಡಿಯೇ ಇರಲಿಲ್ಲ. ಕಪ್ಪು ರೋಮ ಇತ್ತು, ಕಚ್ಚಿದ್ದೂ ಕಪ್ಪು ನಾಯಿ ಎಂದಿದ್ದರು, ಒಪ್ಪಿಕೊಂಡಿದ್ದೆ.

ಹಗ್ಗ ಕತ್ತರಿಸಿ, ಇಕ್ಕುಳದಿಂದ ದವಡೆ ಅಗಲಿಸಿದೆ.

ಮೇಲೆ ಎರಡು ಕೋರೆ. ಕೆಳಗೆ ಎರಡು ಕೋರೆ. ನಾಲ್ಕೂ ಹೊಸ ಅಕ್ಕಿಯಷ್ಟು ಬೆಳ್ಳಗೆ, ಒಂದೂ ಸವೆದಿಲ್ಲ.

"ಮುಚ್ಚಿ ಮಾರಾಯ್ರೆ, ಸಾಕು," ಎಂದರು ಪದ್ಮಯ್ಯ.

* * *

"ಆ ತಲೆಯ ಡಬ್ಬಿ ನಿಮ್ಮ ಕೈಗೆ ಕೊಟ್ಟದ್ದು ಯಾರು?" ಎಂದು ಪದ್ಮಯ್ಯ ಕೇಳಿದರು.

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. "ಯಾರೂ ಕೊಡಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಜಗಲಿಯಲ್ಲಿ ಇತ್ತು. ಮೇಲೆ 'ಮಂಡೆಕೋಲು, ನೀಲಾವತಿ' ಎಂದು ಚೀಟಿ."

"ಯಾರು ಇಟ್ಟದ್ದೆಂದು ವಿಚಾರಿಸಲಿಲ್ಲವಾ?"

"ನಾಯಿಯ ತಲೆ ತಂದವರು ಎಲ್ಲಿ ಕೈಗೆ ಕೊಡ್ತಾರೆ ಸರ್? ಜಗಲಿಯಲ್ಲಿಟ್ಟು ನೇರ ಹೊಳೆಗೆ ಹೋಗಿ ಮುಳುಗುದು. ಆರು ವರ್ಷದಿಂದ ಹಾಗೆಯೇ ನಡೆದುಕೊಂಡು ಬಂದದ್ದು."

ಹೇಳುತ್ತಿದ್ದ ಹಾಗೆಯೇ ನನ್ನ ಮೇಲೆ ನನಗೆ ಸಿಟ್ಟು ಬಂತು. ಮೈಲಿಗೆಗೆ ಅಂಜುವವರ ಅಭ್ಯಾಸವನ್ನು ನಾನು ಆಸ್ಪತ್ರೆಯ ನಿಯಮವನ್ನಾಗಿ ಮಾಡಿಕೊಂಡಿದ್ದೆ. ಊರಿನ ಯಾರು ಬೇಕಾದರೂ, ಯಾವ ತಲೆಯನ್ನು ಬೇಕಾದರೂ ಆ ಜಗಲಿಯಲ್ಲಿ ಇಡಬಹುದಿತ್ತು.

"ಐಸ್ ಇತ್ತಾ ಡಬ್ಬಿಯಲ್ಲಿ?"

"ಇತ್ತು. ತುಂಬಾ. ಕರಗಿರಲೇ ಇಲ್ಲ."

ಪದ್ಮಯ್ಯ ತಟ್ಟನೆ ನಿಂತರು. ನನಗೂ ಆಗಲೇ ಹೊಳೆದದ್ದು. ಮಂಡೆಕೋಲಿನಲ್ಲಿ ಐಸ್ ಎಲ್ಲಿಂದ ಬರಬೇಕು? ಇದ್ದರೂ ಈ ಕುಂಭ ತಿಂಗಳ ಬಿಸಿಲಿನಲ್ಲಿ ಸುಳ್ಯಕ್ಕೆ ಮುಟ್ಟುವಾಗ ಬರೀ ನೀರು. ಡಬ್ಬಿ ತುಂಬಿದ್ದು ಸುಳ್ಯದಲ್ಲೇ. ಸುಳ್ಯದಲ್ಲಿ ಐಸ್ ಮಾರುವುದು ಒಂದೇ ಕಡೆ.

ಮೀನು ಮಾರ್ಕೆಟಿನಲ್ಲಿ ಕುಂಞಿಪಾತುಮ್ಮ ಬುಟ್ಟಿಗಳ ನಡುವೆ ಮಣೆ ಹಾಕಿ ಕೂತಿದ್ದಳು. ಕಾಸರಗೋಡಿನ ಲಾರಿಯಲ್ಲಿ ಮೀನಿನ ಜತೆ ಬರುವ ಐಸನ್ನು ಮರದ ಹೊಟ್ಟಿನಲ್ಲಿ ಹುಗಿದಿಟ್ಟು, ಆಸ್ಪತ್ರೆಗೂ ಮದುವೆ ಮನೆಗೂ ಮಾರುವವಳು ಅವಳೇ.

"ನೆನಪಿಲ್ಲದೆ ಉಂಟಾ ಸಾಹೇಬ್ರೆ!" ಎಂದಳು. "ಒಂದೇ ದಿನ ಎರಡು ಸಲ ಬಂದ. ಬೆಳಿಗ್ಗೆ ಒಂದು ಡಬ್ಬಿಗೆ ತುಂಬಿಸಿದ. ಮಧ್ಯಾಹ್ನ ಇನ್ನೊಂದು ಡಬ್ಬಿಗೆ. ಎರಡು ಸಲವೂ ಕ್ರಯಕ್ಕೆ ಒಂದು ಮಾತು ಚರ್ಚೆ ಇಲ್ಲ. ಹಾಗೆ ಕೊಂಡುಹೋಗುವವರನ್ನು ನಾನು ಮರೀತೇನಾ?"

"ಯಾರು?"

"ಮುಖಕ್ಕೆ ಬೈರಾಸು ಸುತ್ತಿದ್ದ. ಬಿಸಿಲಿಗೆ ಎಂದುಕೊಂಡೆ. ಬೆರಳು ಮಾತ್ರ ನೋಡಿದೆ." ಅವಳು ತನ್ನ ಬಲಗೈಯ ತೋರುಬೆರಳು ಹೆಬ್ಬೆರಳು ಎತ್ತಿ ತೋರಿಸಿದಳು. "ಇಲ್ಲಿ ನೀಲಿ ಬಣ್ಣ. ಎಷ್ಟು ತೊಳೆದರೂ ಹೋಗದ ಹಾಗಿನ ಬಣ್ಣ."

ನನ್ನ ಬಲಗೈ ತಾನಾಗಿಯೇ ಪ್ಯಾಂಟಿನ ಕಿಸೆಗೆ ಹೋಯಿತು. ಸ್ಲೈಡಿಗೆ ಹಾಕುವ ನೀಲಿ ಬಣ್ಣ ನನ್ನ ಬೆರಳಿನಲ್ಲಿ ವರ್ಷಗಳಿಂದ ಉಂಟು. ನಾನು ತಪ್ಪು ಮಾಡಿದವನಲ್ಲ. ಆದರೂ ಕೈ ಅಡಗಿಸಿದೆ, ಹೆದರಿದವನ ಬುದ್ಧಿಯೇ ಅಂಥದ್ದು.

"ಎಂತ ಮೋನೆ, ಜ್ವರವಾ? ಬೆವರುತ್ತಾ ಇದ್ದಿ," ಎಂದು ಮಗನನ್ನು ಕೇಳುವ ಹಾಗೆ ಕೇಳಿದಳು ಕುಂಞಿಪಾತುಮ್ಮ.

ಜೀಪಿಗೆ ಹತ್ತುವಾಗ ಪದ್ಮಯ್ಯ ಕಾನ್‌ಸ್ಟೇಬಲ್‌ನನ್ನು ಹಿಂದೆ ಕಳಿಸಿ, ನನ್ನನ್ನು ಮುಂದೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಬೆರಳಿನ ಮಾತು ಎತ್ತಲಿಲ್ಲ. ಜೀಪು ಜಾಲ್ಸೂರು ದಾಟಿತು.

"ಒಂದು ಅರ್ಥ ಆಗುದಿಲ್ಲ ಮಾರಾಯ್ರೆ," ಎಂದರು ಆಮೇಲೆ. "ಮಧ್ಯಾಹ್ನದ ಡಬ್ಬಿ ನಿಮ್ಮ ಜಗಲಿಗೆ ಬಂತು. ಬೆಳಿಗ್ಗೆಯದ್ದರಲ್ಲಿ ಕರಿಯನ ತಲೆ ಇದ್ದಿರಬೇಕು. ಎಸೆಯುವ ತಲೆಗೆ ಐಸ್ ಯಾಕೆ?"

ನಾನು ಯೋಚಿಸಿದೆ. ಉತ್ತರ ಸಿಕ್ಕಿದಾಗ ಸಿಗದಿದ್ದರೇ ಚೆನ್ನಾಗಿತ್ತು ಅನಿಸಿತು.

"ಎಸೆಯಲಿಕ್ಕೆ ಅಲ್ಲ ಸರ್. ಇಟ್ಟುಕೊಳ್ಳಲಿಕ್ಕೆ. ಐಸಿನಲ್ಲಿಟ್ಟರೆ ಅದರೊಳಗಿನ ರೋಗ ಸಾಯುದಿಲ್ಲ."

* * *

ನೀಲಾವತಿಯ ಅಣ್ಣ ದೇರಣ್ಣ ಅಂಗಳದ ಕೆಳಗಿನ ಗದ್ದೆಯ ಬದುವಿನಲ್ಲಿ ಕೊಡಪಾನದಿಂದ ನೀರು ಹೊಯ್ಯುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಸೊಂಟದಲ್ಲಿ ಕತ್ತಿ. ತಂಗಿ ತರಬೇತಿಗೆಂದು ಪುತ್ತೂರಿಗೆ ಹೋಗುತ್ತೇನೆ ಎಂದದ್ದಕ್ಕೆ ಅವಳ ಜತೆ ಮೂರು ತಿಂಗಳು ಮಾತು ಬಿಟ್ಟವನು ಎಂದು ಊರೆಲ್ಲ ಹೇಳುತ್ತಿತ್ತು. ಪದ್ಮಯ್ಯ ಜೀಪಿನಿಂದ ಇಳಿಯುವ ಮೊದಲು ಅಂಗಳದ ನಾಲ್ಕು ಮೂಲೆ ನೋಡಿದರು.

"ನಾಯಿ ಇಲ್ಲ ಸಾಹೇಬ್ರೆ," ಎಂದ ದೇರಣ್ಣ. "ಇನ್ನು ಈ ಮನೆಯಲ್ಲಿ ಸಾಕುದೂ ಇಲ್ಲ. ತಂಗಿಗೆ ಗುಣ ಆಗ್ತದಲ್ಲ?"

"ಆಗ್ತದೆ. ನಾಯಿಯನ್ನು ಕೊಂದದ್ದು ನೀವೇ?"

"ನಾನೇ. ಎದೆಗೆ ಗುಂಡು. ತಲೆಗೆ ಪೆಟ್ಟಾಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ರು."

"ಮೈ ಎಂತ ಮಾಡಿದಿರಿ?"

"ಸುಟ್ಟೆ."

ತೀರಾ ಬೇಗ ಬಂದ ಉತ್ತರ. ಪದ್ಮಯ್ಯ ಅವನ ಮುಖ ನೋಡಲಿಲ್ಲ. ಅವನು ನೀರು ಹೊಯ್ದ ಜಾಗ ನೋಡುತ್ತಿದ್ದರು. ಅಲ್ಲೊಂದು ತೆಂಗಿನ ಸಸಿ. ಸುತ್ತ ಹೊಸ ಮಣ್ಣು, ಮೇಲೆ ಮಡಲಿನ ನೆರಳು.

"ಇದು ಯಾವಾಗ ನೆಟ್ಟದ್ದು ದೇರಣ್ಣ?"

"ಈಗ... ಸ್ವಲ್ಪ ದಿನ ಆಯ್ತು."

"ನಾನೂ ಕೃಷಿಕನ ಮಗ ಮಾರಾಯ್ರೆ. ತೆಂಗಿನ ಸಸಿ ನೆಡುದು ಮಳೆ ಹಿಡಿದ ಮೇಲೆ. ಕುಂಭ ತಿಂಗಳಲ್ಲಿ ನೆಟ್ಟು, ದಿನಕ್ಕೆರಡು ಸಲ ನೀರು ಹೊರುವವರನ್ನು ನಾನು ಕಂಡಿಲ್ಲ."

ದೇರಣ್ಣನ ಕೈ ಕತ್ತಿಯ ಹಿಡಿಕೆಗೆ ಹೋಯಿತು. ಹೊಡೆಯಲಿಕ್ಕೋ, ಸುಮ್ಮನೆ ಹಿಡಿದುಕೊಳ್ಳಲಿಕ್ಕೋ ನನಗೆ ತಿಳಿಯಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪದ್ಮಯ್ಯ ಸರಿಯಲಿಲ್ಲ.

"ಅಗೆಯಿರಿ."

"ಅಗೆಯುದಿಲ್ಲ."

"ಯಾಕೆ? ತಲೆ ಸಮೇತ ಉಂಟಾ ಅಲ್ಲಿ? ಬೇರೆ ನಾಯಿಯ ತಲೆ ಕಳಿಸಿ, ಇದನ್ನು ಇಲ್ಲಿ ಹೂತಿರಾ? ನಿಮ್ಮ ತಂಗಿ ಅಲ್ಲಿ ಸಾಯುತ್ತಾಳೋ ಬದುಕುತ್ತಾಳೋ ಎಂದು ಮಲಗಿದ್ದಾಳೆ ದೇರಣ್ಣ. ಕುಕ್ಕಪ್ಪ ಹೇಗೆ ಸತ್ತ ಎಂದು ಯಾರಾದರೂ ಹೇಳಿದ್ದಾರಾ ನಿಮಗೆ?"

"ಹೇಳಬೇಡಿ!" ದೇರಣ್ಣ ಕೂಗಿದ. ಕತ್ತಿಯನ್ನು ಎಳೆದು ನೆಲಕ್ಕೆ ಎಸೆದ. ಗುದ್ದಲಿ ತಂದವನು ಅವನೇ. ಸಸಿಯನ್ನು ಎರಡು ಕೈಯಲ್ಲಿ, ಬೇರಿನ ಮಣ್ಣು ಉದುರದ ಹಾಗೆ ಎತ್ತಿ ಬದಿಗಿಟ್ಟು ಅಗೆಯತೊಡಗಿದ.

ಎರಡಡಿ ಆಳದಲ್ಲಿ ವಾಸನೆ ಬಂತು. ಆಮೇಲೆ ಕಪ್ಪು ರೋಮ, ಹಿಂಗಾಲು, ಪಕ್ಕೆಲುಬು. ನಾನು ಬಗ್ಗಿ ಕತ್ತಿನ ಕಡೆ ಮಣ್ಣು ಸರಿಸಿದೆ.

ಕತ್ತಿನ ಮೇಲೆ ಏನೂ ಇರಲಿಲ್ಲ. ನೇರ, ಒಂದೇ ಪೆಟ್ಟಿಗೆ ಕಡಿದ ಕತ್ತು.

"ಸುಡಬೇಕು ಎಂದಿದ್ರು," ದೇರಣ್ಣ ಗುಂಡಿಯ ಅಂಚಿನಲ್ಲೇ ಕೂತ. "ಒಂಬತ್ತು ವರ್ಷ ನನ್ನ ಜತೆ ಕಾಡು ಸುತ್ತಿದ ನಾಯಿ. ಸೌದೆ ಒಟ್ಟಿದೆ, ಬೆಂಕಿ ಕೊಡಲಿಕ್ಕೆ ಆಗಲಿಲ್ಲ. ನಮ್ಮಲ್ಲಿ ಸತ್ತದ್ದನ್ನು ತೆಂಗಿನ ಬುಡಕ್ಕೆ ಹಾಕುದು. ಹಾಕಿದೆ. ಹಾಕಿದ ಮೇಲೆ ಸಸಿ ನೆಡದೆ ಬಿಡುದು ಹೇಗೆ? ಸುಟ್ಟಿಲ್ಲ ಎಂದು ಗೊತ್ತಾದರೆ ಕೇಸು ಹಾಕ್ತೀರೆಂದು ಸುಳ್ಳು ಹೇಳಿದೆ. ತಲೆ ನಾನು ಸರಿಯಾದದ್ದೇ ಕೊಟ್ಟಿದ್ದೇನೆ, ದೇವರಾಣೆ."

ಅವನು ಅಳುತ್ತಿದ್ದ. ನಮ್ಮ ಎದುರು ಅಳುವುದಕ್ಕೆ ನಾಚಿ ತೋಳಿನಿಂದ ಮುಖ ಒರೆಸಿಕೊಂಡ. ಇವನು ತಂಗಿಯನ್ನು ಕೊಲ್ಲುವವನಲ್ಲ ಎಂದು ನನಗೆ ಆ ಕ್ಷಣ ಖಚಿತವಾಯಿತು.

"ಯಾರ ಕೈಯಲ್ಲಿ ಕೊಟ್ಟಿರಿ?" ಪದ್ಮಯ್ಯನ ಧ್ವನಿ ಇಳಿದಿತ್ತು.

"ನಿಮ್ಮ ಆಸ್ಪತ್ರೆಯವರೇ ಮರುದಿನ ಬೆಳಗಾಗುವಾಗ ಸೈಕಲಿನಲ್ಲಿ ಬಂದ್ರಲ್ಲ. ಡಾಕ್ಟರು ಕಳಿಸಿದ್ದಾರೆ, ನೀವು ಹೊತ್ತು ತರುದು ಬೇಡ ಎಂದ್ರು. ರಾಧಾಕೃಷ್ಣ. ಕಂಪೌಂಡರು."

ಡಾಕ್ಟರು ಯಾರನ್ನೂ ಕಳಿಸಿರಲಿಲ್ಲ. ಮನೆಯವರು ತರುತ್ತಾರೆಂದೇ ಅವರು ಆ ದಿನ ಮಧ್ಯಾಹ್ನದ ತನಕ ಕಾದದ್ದು ನನಗೆ ಚೆನ್ನಾಗಿ ನೆನಪಿತ್ತು. ಗಾಯಕ್ಕೆ, ಹುಣ್ಣಿಗೆ ದಿನವಿಡೀ ನೀಲಿ ಮದ್ದು ಹಚ್ಚುವವನ ಬೆರಳು ಯಾವ ಬಣ್ಣದ್ದೆಂದು ನಾನು ಬೆಳಿಗ್ಗೆಯೇ ಯೋಚಿಸಬೇಕಿತ್ತು. ನನ್ನ ಬೆರಳು ಅಡಗಿಸುವ ಗಡಿಬಿಡಿಯಲ್ಲಿ ಅವನದ್ದು ಮರೆತೆ. ಅವನ ಕೈಗೇ ನೀಲಾವತಿಯನ್ನು ಒಪ್ಪಿಸಿ ಬಂದಿದ್ದೆವು.

"ಸರ್, ಬೇಗ ಸುಳ್ಯಕ್ಕೆ!" ಎಂದೆ.

"ಸುಳ್ಯಕ್ಕೆ ಯಾಕೆ?" ದೇರಣ್ಣ ತಲೆ ಎತ್ತಿದ. "ಅವರು ಈಗ ಒಂದು ಗಂಟೆ ಮೊದಲು ಇಲ್ಲಿಗೇ ಬಂದಿದ್ರು. ಬಾಡಿಗೆ ಕಾರಿನಲ್ಲಿ. ತಂಗಿಯ ಬಟ್ಟೆಯ ಟ್ರಂಕು ಕೊಂಡುಹೋದ್ರು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸ್ತಾರಂತೆ."

"ಕಾರಿನಲ್ಲಿ ಅವಳಿದ್ದಳಾ?"

"ಹಿಂದೆ ಕೂತಿದ್ದಳು. ಇಳಿಯಲಿಲ್ಲ. ಹತ್ತಿರ ಹೋದೆ, ಮುಖ ಬಾಡಿಸಿಕೊಂಡು ನೋಡಿದಳೇ ಹೊರತು ಮಾತಾಡಲಿಲ್ಲ. ನನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ ಎಂದುಕೊಂಡೆ."

"ಕಾರು ಯಾವ ಕಡೆ ಹೋಯಿತು?"

ದೇರಣ್ಣ ಕೈ ತೋರಿಸಿದ. ಸುಳ್ಯದ ಕಡೆಗಲ್ಲ, ಮಂಗಳೂರಿನ ಕಡೆಗೂ ಅಲ್ಲ. ಕೇರಳದ ಗಡಿಯ ಕಡೆಗೆ. ಆ ದಾರಿಯಲ್ಲಿ ಹತ್ತಿರವೆಲ್ಲೂ ಆಸ್ಪತ್ರೆ ಇಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಅವಳಿಗೆ ಎರಡನೆಯ ಇಂಜೆಕ್ಷನ್ ಆಗಬೇಕು. ಉಳಿದ ಹದಿಮೂರೂ ನನ್ನ ಲ್ಯಾಬಿನ ಐಸಿನ ಪೆಟ್ಟಿಗೆಯಲ್ಲಿ ಇದ್ದವು.

"ಬಲವಂತದಿಂದ ಕರೆದೊಯ್ದ ಹಾಗೆ ಕಂಡಿತಾ?" ಪದ್ಮಯ್ಯ ಕೇಳಿದರು.

"ಇಲ್ಲ ಸಾಹೇಬ್ರೆ. ಟ್ರಂಕು ಕೊಡಲು ಅವಳೇ ಚೀಟಿ ಬರೆದು ಕಳಿಸಿದ್ದಳಲ್ಲ." ಅವನು ನನ್ನತ್ತ ಒಮ್ಮೆ ನೋಡಿದ. ಯಾಕೋ ತಡವರಿಸಿದ. ಆಮೇಲೆ ಸೊಂಟದ ಪಟ್ಟಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಪದ್ಮಯ್ಯನ ಕೈಗೆ ಮಾತ್ರ ಕೊಟ್ಟ. "ನನಗೆ ಓದಲು ಬರುದಿಲ್ಲ. ಆ ಕಂಪೌಂಡರೇ ಓದಿ ಹೇಳಿದ್ದು. ಇವರು ಬಂದರೆ ತೋರಿಸಬೇಡಿ ಎಂದೂ ಹೇಳಿದ್ರು."

ಪದ್ಮಯ್ಯ ನಿಧಾನಕ್ಕೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕಾಗದವನ್ನು ನನ್ನ ಮುಖದ ಎದುರು ಹಿಡಿದರು, ಕೈಗೆ ಕೊಡಲಿಲ್ಲ.

ಟೀಚರಿನ ದುಂಡು ಅಕ್ಷರ. ಎಲ್ಲೂ ನಡುಗಿರಲಿಲ್ಲ.

'ಅಣ್ಣನಿಗೆ, ಟ್ರಂಕನ್ನು ಇವರ ಕೈಯಲ್ಲಿ ಕೊಡು. ಆ ಆಸ್ಪತ್ರೆಯ ಸೂಜಿ ನನಗೆ ಇನ್ನು ಬೇಡ. ಇಲ್ಲ ಎಂದು ಬರೆದು ಕುಕ್ಕಪ್ಪನನ್ನು ಕೊಂದವರೇ ಈಗ ನನಗೆ ಮದ್ದು ಕೊಡಿಸುತ್ತಿದ್ದಾರೆ. ಕರಿಯನ ತಲೆಯನ್ನು ಅವರು ಎಲ್ಲಿ ಅಡಗಿಸಿಟ್ಟಿದ್ದಾರೆಂದು ಇವತ್ತು ನನ್ನ ಕಣ್ಣಾರೆ ಕಂಡೆ. ನಾನು ಎಲ್ಲಿಗೆ ಹೋದೆನೆಂದು ಲ್ಯಾಬಿನ ಮಹೇಶ್ವರರಿಗೆ ತಿಳಿಯಬಾರದು.'

ನಾನು ಪದ್ಮಯ್ಯನ ತೋಳು ಹಿಡಿದೆ.

"ಸರ್, ಅವನು ಅವಳಿಗೆ ಏನೋ ತೋರಿಸಿದ್ದಾನೆ. ನಂಬಿಸಿದ್ದಾನೆ. ಹಿಂದೆ ಹೋಗುವ ಸರ್, ಒಂದು ಗಂಟೆ ಅಷ್ಟೇ ಆದದ್ದು. ಕಾರು ಸಿಗುತ್ತದೆ. ಒಂದು ದಿನ ತಪ್ಪಿದರೂ..."

"ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುದು?"

"ನನ್ನ ಹತ್ತಿರ."

"ಇನ್ನೊಂದು?"

"ಇಲ್ಲ. ಒಂದೇ."

ಪದ್ಮಯ್ಯ ಅಂಗೈ ಚಾಚಿದರು. ನಾನು ಕೊಟ್ಟೆ.

"ಹಿಂದಿನ ಸೀಟಿಗೆ ಹತ್ತು, ಮಹೇಶ್ವರ. ಮೊದಲು ನಿನ್ನ ಲ್ಯಾಬು ನೋಡುವ," ಎಂದರು.

ಬೆಳಿಗ್ಗೆಯಿಂದ ನಾನು ಅವರಿಗೆ ಮಾರಾಯ್ರೆ ಆಗಿದ್ದೆ. ಅಂಗಲಾಚಿದೆ, ಗಡಿಯ ರಸ್ತೆಯ ಕಡೆ ಕೈ ತೋರಿಸಿ ಕೂಗಿದೆ. ಕಾನ್‌ಸ್ಟೇಬಲ್ ನನ್ನ ತೋಳು ಹಿಡಿದು ಒಳಗೆ ತಳ್ಳಿದ. ಜೀಪು ಹೊರಟು, ಮಂಡೆಕೋಲಿನ ಕವಲಿನಲ್ಲಿ ಸುಳ್ಯದ ಕಡೆಗೆ ತಿರುಗಿತು.